ಹದಿಮೂರೂವರೆ ಪಂದ್ಯಗಳ ಅಂತರ

ಇಂಗ್ಲಿಷ್ ಎಂ.ಎ. ಓದುತ್ತಿದ್ದ ದಿನಗಳಲ್ಲಿ ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ನಮಗೆ ಪಠ್ಯವಾಗಿತ್ತು. ಮುದುಕ, ಮೀನು, ಕಡಲು - ಈ ಮೂರರ ಬಗ್ಗೆ ಪರೀಕ್ಷೆಗೆ ಬೇಕಾದಷ್ಟು ಟಿಪ್ಪಣಿಗಳು ಸಿಗುತ್ತಿದ್ದವು. ಆದರೆ ಕ್ಯೂಬಾದ ಆ ಬಡ ಬೆಸ್ತ ಹಿಂದಿನ ದಿನದ ಪತ್ರಿಕೆ ಹಿಡಿದು ಬೇಸ್‌ಬಾಲ್ ಸುದ್ದಿ ಓದುವುದು, ಹುಡುಗನೊಡನೆ ಯಾವ ತಂಡ ಗೆದ್ದೀತು ಎಂದು ಚರ್ಚಿಸುವುದು, ನಡುಗಡಲಿನಲ್ಲಿ ಒಬ್ಬನೇ ಇದ್ದಾಗಲೂ ಇಂದಿನ ಪಂದ್ಯ ಏನಾಯಿತೋ ಎಂದು ಯೋಚಿಸುವುದು - ಇದಕ್ಕೆ ಯಾವ ಟಿಪ್ಪಣಿಯೂ ಇರಲಿಲ್ಲ. ಬದುಕಿನಲ್ಲಿ ಒಮ್ಮೆಯೂ ನೋಡಲಾಗದ ದೂರದ ಊರಿನ ತಂಡವನ್ನು ಒಬ್ಬ ಮನುಷ್ಯ ಏಕೆ ಹೀಗೆ ಹಚ್ಚಿಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಉತ್ತರದ ಒಂದು ತುಣುಕು ನನಗೆ ಸಿಕ್ಕಿದ್ದು 2010ರ ಜನವರಿಯಲ್ಲಿ, ಮುಂಬಯಿಯ ಕಚೇರಿಯೊಂದರಲ್ಲಿ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬಯಿ ತಂಡಗಳ ನಡುವೆ ರಣಜಿ ಫೈನಲ್ ನಡೆಯುತ್ತಿತ್ತು. ಗೆಲ್ಲಲು 338 ಓಟ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ಕರ್ನಾಟಕ 331ಕ್ಕೆ ಮುಗಿಯಿತು. ಆರು ಓಟಗಳ ಸೋಲು. ಸುತ್ತ ಕುಳಿತವರೆಲ್ಲ ಮುಂಬಯಿಯವರು, ಒಳ್ಳೆಯ ಜನ, ಸಂತೋಷದಿಂದ ಚಹಾ ತರಿಸಿದರು. ನಾನೂ ಕುಡಿದೆ. ಊರಿನಲ್ಲಿದ್ದಿದ್ದರೆ ಆ ಸೋಲನ್ನು ನಾಲ್ಕು ಜನರೊಡನೆ ಹಂಚಿಕೊಂಡು ಹಗುರಾಗುತ್ತಿದ್ದೆ. ಎದುರಾಳಿಗಳ ನಡುವೆ ಕುಳಿತು ತಂಡವನ್ನು ಹಿಂಬಾಲಿಸುವವನಿಗೆ ಆ ಸೌಲಭ್ಯವಿಲ್ಲ. ಹೊರನಾಡಿನಲ್ಲಿರುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಮೇಲೆ ಹೆಮಿಂಗ್ವೇಯ ಮುದುಕನ ದಾರಿ ಹಿಡಿದು ಅಮೆರಿಕದ ಬೇಸ್‌ಬಾಲ್ ಇತಿಹಾಸವನ್ನು ಅಲ್ಲಲ್ಲಿ ಓದತೊಡಗಿದೆ. ಕಾದಂಬರಿ ಪ್ರಕಟವಾದದ್ದು 1952ರಲ್ಲಿ. ಅದರ ಹಿಂದಿನ ವರ್ಷವೇ ನ್ಯೂಯಾರ್ಕ್ ನಗರದೊಳಗೆ ಎರಡು ತಂಡಗಳ ನಡುವೆ ಒಂದು ಪೈಪೋಟಿ ನಡೆದಿತ್ತು. ಅದರ ಕೊನೆಯ ಹೊಡೆತಕ್ಕೆ ಅಮೆರಿಕನ್ನರು ಎಮರ್ಸನ್ನನ ಪದ್ಯವೊಂದರಿಂದ ಹೆಸರನ್ನು ಎರವಲು ತಂದರು. ಸ್ವಾತಂತ್ರ್ಯ ಸಮರದ ಮೊದಲ ಗುಂಡಿಗೆ ಸಲ್ಲುತ್ತಿದ್ದ ಮಾತು ಅದು. ಐವತ್ತು ವರ್ಷಗಳ ನಂತರ ಅದೇ ಹೊಡೆತದ ಹಿಂದೆ ಒಂದು ದೂರದರ್ಶಕವಿತ್ತೆಂದು ತಿಳಿಯಿತು. ಈ ಎರಡು ಸಂಗತಿಗಳ ನಡುವೆ ಒಬ್ಬ ಮನುಷ್ಯ ನಲವತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಈ ಬರಹ ಮುಖ್ಯವಾಗಿ ಅವನನ್ನು ಕುರಿತದ್ದು.

*

ಮೊದಲು ಆಟದ ಲೆಕ್ಕಾಚಾರ. ಆ ಕಾಲದಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಎರಡು ಲೀಗುಗಳು, ಒಂದೊಂದರಲ್ಲಿ ಎಂಟು ತಂಡಗಳು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡ 154 ಪಂದ್ಯಗಳನ್ನು ಆಡಬೇಕು. ಕೊನೆಗೆ ಪಟ್ಟಿಯಲ್ಲಿ ಮೊದಲು ನಿಂತ ತಂಡಕ್ಕೆ ಲೀಗಿನ ಧ್ವಜ, ಅಂದರೆ ‘ಪೆನೆಂಟ್’. ಸೆಮಿಫೈನಲ್ ಇಲ್ಲ, ಎರಡನೆಯ ಸ್ಥಾನಕ್ಕೆ ಯಾವ ಸಮಾಧಾನವೂ ಇಲ್ಲ. ಎರಡು ಲೀಗುಗಳ ಧ್ವಜ ಗೆದ್ದವರು ಅಕ್ಟೋಬರ್‌ನಲ್ಲಿ ‘ವರ್ಲ್ಡ್ ಸೀರೀಸ್’ ಆಡುತ್ತಾರೆ.

ಆದ್ದರಿಂದ ಪೆನೆಂಟ್ ಪೈಪೋಟಿಯನ್ನು ಹಿಂಬಾಲಿಸುವುದೆಂದರೆ ಒಂದು ಪಂದ್ಯ ನೋಡಿ ಕುಣಿಯುವುದಲ್ಲ. ಆರು ತಿಂಗಳ ಕಾಲ ಪ್ರತಿದಿನ ಬೆಳಿಗ್ಗೆ ಪತ್ರಿಕೆಯ ಒಂದು ಪುಟ್ಟ ಪಟ್ಟಿಯನ್ನು ನೋಡುವುದು. ಮೊದಲ ತಂಡಕ್ಕಿಂತ ನಮ್ಮ ತಂಡ ಎಷ್ಟು ಪಂದ್ಯ ಹಿಂದಿದೆ ಎಂಬ ಅಂಕಿ ಅದರ ಕೊನೆಯ ಕಂಬದಲ್ಲಿರುತ್ತದೆ. ನಾವು ಗೆದ್ದು ಅವರೂ ಗೆದ್ದರೆ ಆ ಅಂಕಿ ಅಲುಗುವುದಿಲ್ಲ. ನಾವು ಗೆದ್ದು ಅವರು ಸೋತರೆ ಒಂದು ಇಳಿಯುತ್ತದೆ. ಅವರಿಗೆ ಆಟವಿಲ್ಲದ ದಿನ ನಾವು ಗೆದ್ದರೆ ಅರ್ಧ. ಜಮಾಖರ್ಚಿನ ಪುಸ್ತಕದಂತೆ ಕಾಣುವ ಈ ಅಂಕಿಯಲ್ಲಿ ಲಕ್ಷಾಂತರ ಜನರ ಬೇಸಿಗೆ ಅಡಗಿರುತ್ತಿತ್ತು.

1951ರ ನ್ಯಾಷನಲ್ ಲೀಗ್‌ನಲ್ಲಿ ಮುಂದಿದ್ದದ್ದು ಬ್ರೂಕ್ಲಿನ್ ಡಾಡ್ಜರ್ಸ್; ಬೆನ್ನು ಹತ್ತಿದ್ದದ್ದು ನ್ಯೂಯಾರ್ಕ್ ಜೈಂಟ್ಸ್. ಹೆಸರಿನಲ್ಲಿ ಊರು ಬೇರೆ. ನಕಾಶೆಯಲ್ಲಿ ಎರಡೂ ಒಂದೇ ನಗರ. ಬ್ರೂಕ್ಲಿನ್ 1898ರವರೆಗೆ ಸ್ವತಂತ್ರ ನಗರವಾಗಿತ್ತು. ಆ ವರ್ಷ ನ್ಯೂಯಾರ್ಕಿನಲ್ಲಿ ವಿಲೀನವಾಯಿತು. ತನ್ನ ಹೆಸರನ್ನು ದೊಡ್ಡ ಹೆಸರೊಂದರೊಳಗೆ ಕಳೆದುಕೊಂಡ ಸುಮಾರು 27 ಲಕ್ಷ ಜನರ ಊರಿಗೆ ‘ಬ್ರೂಕ್ಲಿನ್’ ಎಂದು ಎದೆಯ ಮೇಲೆ ಬರೆದುಕೊಂಡು ಆಡುವ ತಂಡ ಎಂದರೆ ಏನೆಂದು ಊಹಿಸಬಹುದು. 1947ರಲ್ಲಿ ಜಾಕಿ ರಾಬಿನ್ಸನ್‌ನನ್ನು ಕಣಕ್ಕಿಳಿಸಿ, ಆ ಶತಮಾನದ ಬೇಸ್‌ಬಾಲ್‌ನ ವರ್ಣಭೇದವನ್ನು ಮುರಿದ ತಂಡವೂ ಇದೇ. ಆದರೆ ವರ್ಲ್ಡ್ ಸೀರೀಸನ್ನು ಅದು ಒಮ್ಮೆಯೂ ಗೆದ್ದಿರಲಿಲ್ಲ. 1950ರಲ್ಲಂತೂ ಕೊನೆಯ ದಿನದ ಕೊನೆಯ ಪಂದ್ಯ ಸೋತು ಧ್ವಜವನ್ನೇ ಕಳೆದುಕೊಂಡಿತ್ತು. ‘ಮುಂದಿನ ವರ್ಷ ನೋಡೋಣ’ ಎಂಬುದು ಬ್ರೂಕ್ಲಿನ್ನಿಗರ ನಾಣ್ನುಡಿಯಾಗಿತ್ತು.

1951 ಆ ಮುಂದಿನ ವರ್ಷವಾಗಿ ತೋರಿತು. ಆಗಸ್ಟ್ 11ರಂದು ಡಾಡ್ಜರ್ಸ್ ತಂಡಕ್ಕೆ ಎರಡು ಪಂದ್ಯಗಳಿದ್ದವು. ಮೊದಲನೆಯದನ್ನು ಗೆದ್ದಾಗ ಜೈಂಟ್ಸ್‌ಗಿಂತ ಅದು ಹದಿಮೂರೂವರೆ ಪಂದ್ಯ ಮುಂದಿತ್ತು.

ಮರುದಿನದಿಂದ ಜೈಂಟ್ಸ್ ಗೆಲ್ಲತೊಡಗಿತು. ಆಗಸ್ಟ್ 27ರವರೆಗೆ ಸತತ ಹದಿನಾರು ಗೆಲುವು. ಅಂತರ ಐದಕ್ಕೆ ಇಳಿಯಿತು. ಆದರೂ ಸೆಪ್ಟೆಂಬರ್ 20ರ ಪಟ್ಟಿ ನೋಡಿದವರು ಡಾಡ್ಜರ್ಸ್ ಗೆದ್ದಾಯಿತೆಂದೇ ತಿಳಿದಿದ್ದರು: ಬ್ರೂಕ್ಲಿನ್ 92 ಗೆಲುವು, 52 ಸೋಲು, ಜೈಂಟ್ಸ್ 89 ಗೆಲುವು, 58 ಸೋಲು, ಅಂತರ ನಾಲ್ಕೂವರೆ. ಜೈಂಟ್ಸ್‌ಗೆ ಉಳಿದದ್ದು ಏಳೇ ಪಂದ್ಯ. ಆ ಏಳನ್ನೂ ಅದು ಗೆದ್ದಿತು. ಬ್ರೂಕ್ಲಿನ್ ತನ್ನ ಹತ್ತರಲ್ಲಿ ಆರು ಸೋತಿತು.

ಬ್ರೂಕ್ಲಿನ್ ಕುಸಿದುಬಿದ್ದಿತು ಎಂದು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಆಗಸ್ಟ್ 11ರ ನಂತರ ಬ್ರೂಕ್ಲಿನ್ 26 ಗೆದ್ದು 22 ಸೋತಿತು, ಅಂದರೆ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಅದೇ ಅವಧಿಯಲ್ಲಿ ಜೈಂಟ್ಸ್ 44ರಲ್ಲಿ 37 ಗೆದ್ದಿತು. ಎದುರಾಳಿ ಓಡಿದ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಡೆಯುತ್ತಿದ್ದವನನ್ನು ಬಿದ್ದವನೆನ್ನುವುದು ನಮ್ಮ ಹಳೆಯ ರೂಢಿ.

ಸೆಪ್ಟೆಂಬರ್ 30, ಕೊನೆಯ ದಿನ. ಜೈಂಟ್ಸ್ ಬಾಸ್ಟನ್ನಿನಲ್ಲಿ 3-2ರಿಂದ ಗೆದ್ದು ರೈಲು ಹತ್ತಿತು. ಫಿಲಡೆಲ್ಫಿಯಾದಲ್ಲಿ ಬ್ರೂಕ್ಲಿನ್ ಒಂದು ಹಂತದಲ್ಲಿ 1-6ರಿಂದ ಹಿಂದಿತ್ತು. ಮೆಲ್ಲಗೆ ಸಮ ಮಾಡಿಕೊಂಡಿತು. ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದ ಆಟ ಹದಿನಾಲ್ಕಕ್ಕೆ ಹೋಯಿತು. ಹನ್ನೆರಡನೆಯದರಲ್ಲಿ ಜಾಕಿ ರಾಬಿನ್ಸನ್ ನೆಲಕ್ಕೆ ಬಿದ್ದು ಹಿಡಿದ ಚೆಂಡು ಸೋಲನ್ನು ತಡೆಯಿತು; ಹದಿನಾಲ್ಕನೆಯದರಲ್ಲಿ ಅವನೇ ಹೊಡೆದ ಹೋಮ್ ರನ್ ಗೆಲುವು ತಂದಿತು. 9-8. ಎರಡೂ ತಂಡಗಳದು 96 ಗೆಲುವು, 58 ಸೋಲು. 154 ಪಂದ್ಯಗಳಾದ ಮೇಲೂ ಅಂತರ ಸೊನ್ನೆ.

*

ಹೀಗಾದಾಗ ಮೂರು ಪಂದ್ಯಗಳ ನಿರ್ಣಾಯಕ ಸರಣಿ ಆಡಬೇಕೆಂಬುದು ನಿಯಮ. ನಾಣ್ಯ ಚಿಮ್ಮಿದಾಗ ಗೆದ್ದ ಬ್ರೂಕ್ಲಿನ್ ಮೊದಲ ಪಂದ್ಯವನ್ನು ತನ್ನ ಎಬೆಟ್ಸ್ ಫೀಲ್ಡ್‌ನಲ್ಲಿ ಆಡುವುದಾಗಿ ಆರಿಸಿತು. ಹಾಗಾಗಿ ಉಳಿದ ಎರಡು ಜೈಂಟ್ಸ್ ತಂಡದ ಪೋಲೋ ಗ್ರೌಂಡ್ಸ್ ಪಾಲಾದವು. ಈ ಆಯ್ಕೆಯ ಬೆಲೆ ಆಗ ಯಾರಿಗೂ ತಿಳಿದಿರಲಿಲ್ಲ.

ಮೊದಲ ಪಂದ್ಯವನ್ನು ಜೈಂಟ್ಸ್ 3-1ರಿಂದ ಗೆದ್ದಿತು. ಅದರಲ್ಲಿ ಬ್ರೂಕ್ಲಿನ್ನಿನ ಪಿಚರ್ ರಾಲ್ಫ್ ಬ್ರಾಂಕಾ ಎಸೆದ ಚೆಂಡನ್ನು ಬಾಬಿ ಥಾಮ್ಸನ್ ಹೋಮ್ ರನ್ ಹೊಡೆದಿದ್ದ. ಎರಡನೆಯದನ್ನು ಬ್ರೂಕ್ಲಿನ್ 10-0ರಿಂದ ಗೆದ್ದಿತು. ಅಕ್ಟೋಬರ್ 3, ಬುಧವಾರ, ಮೂರನೆಯದು.

ಮೈದಾನಕ್ಕೆ ಬಂದವರು ಸುಮಾರು 34 ಸಾವಿರ. ಆಸನಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಖಾಲಿ. ಕೆಲಸದ ದಿನ, ಮಧ್ಯಾಹ್ನದ ಹೊತ್ತು. ನಿಜವಾದ ಪ್ರೇಕ್ಷಕರು ರೇಡಿಯೋ ಮುಂದೆ ಇದ್ದರು. ಕೊನೆಯ ಇನ್ನಿಂಗ್ಸ್ ಬಂದಾಗ ಬ್ರೂಕ್ಲಿನ್ 4-1ರಿಂದ ಮುಂದಿತ್ತು. ದಣಿದಿದ್ದ ಡಾನ್ ನ್ಯೂಕೂಂಬ್‌ನ ಎಸೆತಗಳಿಗೆ ಜೈಂಟ್ಸ್ ಮೂರು ಹೊಡೆತ ಬಾರಿಸಿ ಅಂತರವನ್ನು 4-2ಕ್ಕೆ ಇಳಿಸಿತು. ಇಬ್ಬರು ಓಟಗಾರರು ಎರಡನೆಯ, ಮೂರನೆಯ ನೆಲೆಗಳಲ್ಲಿ ನಿಂತಿದ್ದರು. ಬ್ರೂಕ್ಲಿನ್ ಪಿಚರನ್ನು ಬದಲಿಸಿತು. ಬಂದವನು ಬ್ರಾಂಕಾ. ಬ್ಯಾಟ್ ಹಿಡಿದು ಬಂದವನು ಥಾಮ್ಸನ್. ಅವನ ಹಿಂದೆ ಸರದಿಗೆ ಕಾದು ನಿಂತಿದ್ದವನು ಇಪ್ಪತ್ತು ವರ್ಷದ ಹೊಸಬ ವಿಲ್ಲಿ ಮೇಸ್. ಮುಂದೆ ಆಟದ ಮಹಾನುಭಾವರಲ್ಲಿ ಒಬ್ಬನಾದವನು.

ಮೊದಲ ಚೆಂಡನ್ನು ಥಾಮ್ಸನ್ ಬಿಟ್ಟ. ಎರಡನೆಯದನ್ನು ಹೊಡೆದ. ಎಡಗಡೆ ಬೇಲಿ ಮೂಲೆಯಲ್ಲಿ ಸುಮಾರು 280 ಅಡಿಯಷ್ಟೇ ದೂರವಿದ್ದ ಆ ವಿಚಿತ್ರ ಮೈದಾನದಲ್ಲಿ ಚೆಂಡು ಕೆಳಗಿನ ಗ್ಯಾಲರಿಗೆ ಹೋಗಿ ಬಿದ್ದಿತು. ಮೂರು ಓಟ. 5-4. ಗಂಟೆ ನಾಲ್ಕಕ್ಕೆ ಎರಡು ನಿಮಿಷ ಕಡಿಮೆ.

ಜೈಂಟ್ಸ್ ಪರವಾಗಿ ರೇಡಿಯೋ ವೀಕ್ಷಕ ವಿವರಣೆ ನೀಡುತ್ತಿದ್ದ ರಸ್ ಹಾಜಸ್ ಜೈಂಟ್ಸ್ ಪೆನೆಂಟ್ ಗೆದ್ದಿತು ಎಂಬ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಕಿರುಚಿದ. ಕೇಂದ್ರಗಳು ಧ್ವನಿಯನ್ನು ಸಂಗ್ರಹಿಸಿಡುವ ಪದ್ಧತಿ ಆಗ ಇರಲಿಲ್ಲ. ಕೆಲಸಕ್ಕೆ ಹೋಗಬೇಕಾಗಿದ್ದ ಅಭಿಮಾನಿಯೊಬ್ಬ ಕೊನೆಯ ಭಾಗವನ್ನು ಮುದ್ರಿಸಿಡುವಂತೆ ತಾಯಿಗೆ ಹೇಳಿಹೋಗಿದ್ದ. ಆ ಟೇಪಿನಿಂದಾಗಿಯೇ ಇಂದಿಗೂ ಆ ಕೂಗು ಕೇಳಸಿಗುತ್ತದೆ. ಬ್ರೂಕ್ಲಿನ್ನಿನ ವಿವರಣೆಕಾರ ರೆಡ್ ಬಾರ್ಬರ್ ಮಾತ್ರ ನಡೆದುದನ್ನು ಹೇಳಿ, ಜನರ ಗದ್ದಲವನ್ನೇ ಕೇಳಿಸಿ ತಾನು ಸುಮ್ಮನಾದ. ಆ ಮೌನವನ್ನು ಬ್ರೂಕ್ಲಿನ್ನಿನ ಅಡುಗೆಮನೆಗಳಲ್ಲಿ ಕೇಳಿಸಿಕೊಂಡವರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಮೈದಾನದಲ್ಲಿ ಎಲ್ಲರೂ ಹೊರಟಿದ್ದಾಗ ಜಾಕಿ ರಾಬಿನ್ಸನ್ ಒಬ್ಬ ನಿಂತು, ಥಾಮ್ಸನ್ ಪ್ರತಿಯೊಂದು ನೆಲೆಯನ್ನೂ ತುಳಿದನೇ ಎಂದು ನೋಡುತ್ತಿದ್ದನಂತೆ. ಮುಗಿದ ಮೇಲೂ ನಿಯಮದಲ್ಲಿ ನಂಬಿಕೆಯಿಟ್ಟು ಕಾದು ನಿಲ್ಲುವ ಆ ಭಂಗಿ ನನಗೆ ಹೋಮ್ ರನ್ನಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ.

ವರ್ಲ್ಡ್ ಸೀರೀಸನ್ನು ಜೈಂಟ್ಸ್ ಗೆಲ್ಲಲಿಲ್ಲ. ಯಾಂಕೀಸ್ ತಂಡಕ್ಕೆ 4-2ರಿಂದ ಸೋತಿತು. ಅದು ಇಂದು ಯಾರಿಗೂ ನೆನಪಿಲ್ಲ.

*

ನೆನಪಿನಲ್ಲಿ ಉಳಿದವರು ಇಬ್ಬರು: ಹೊಡೆದವನು ಮತ್ತು ಎಸೆದವನು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮ್ಸನ್ ವೀರನಾದ. ಹದಿಮೂರನೆಯ ನಂಬರಿನ ಅಂಗಿ ತೊಡುತ್ತಿದ್ದ ಬ್ರಾಂಕಾ ಅಪಶಕುನವಾದ. ಇಪ್ಪತ್ತೊಂದನೆಯ ವಯಸ್ಸಿನಲ್ಲೇ, 1947ರಲ್ಲಿ, ಒಂದೇ ಋತುವಿನಲ್ಲಿ 21 ಪಂದ್ಯ ಗೆದ್ದುಕೊಟ್ಟಿದ್ದ ಹುಡುಗ ಅವನು. ಅದೇ ವರ್ಷ ರಾಬಿನ್ಸನ್ ತಂಡಕ್ಕೆ ಬಂದಾಗ ಹಲವರು ದೂರ ಸರಿದಿದ್ದರು. ಸಹಜವಾಗಿ ಅವನ ಪಕ್ಕ ನಿಂತವರಲ್ಲಿ ಬ್ರಾಂಕಾ ಒಬ್ಬ. ಇದಾವುದೂ ಲೆಕ್ಕಕ್ಕೆ ಬರಲಿಲ್ಲ. ಒಂದು ಚೆಂಡು ಅವನ ಇಡೀ ಬದುಕಿನ ಶೀರ್ಷಿಕೆಯಾಯಿತು. ಬೆನ್ನುನೋವಿನಿಂದ ಅವನ ಆಟವೂ ಬೇಗ ಕುಂದಿತು. 1956ರ ಹೊತ್ತಿಗೆ ಮುಗಿಯಿತು.

1954ರಲ್ಲಿ ಡೆಟ್ರಾಯಿಟ್ ತಂಡಕ್ಕೆ ಆಡುತ್ತಿದ್ದಾಗ ಸಹ ಆಟಗಾರನೊಬ್ಬ ಬ್ರಾಂಕಾನ ಕಿವಿಯಲ್ಲಿ ಒಂದು ವಿಷಯ ಹೇಳಿದ. 1951ರ ಬೇಸಿಗೆಯಲ್ಲಿ ಜೈಂಟ್ಸ್ ತಂಡ ಪೋಲೋ ಗ್ರೌಂಡ್ಸ್‌ನಲ್ಲಿ ಎದುರಾಳಿಗಳ ಗುರುತುಗಳನ್ನು ಕದಿಯುತ್ತಿತ್ತು.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಬೇಸ್‌ಬಾಲ್‌ನಲ್ಲಿ ಯಾವ ಚೆಂಡು ಎಸೆಯಬೇಕೆಂದು ಬ್ಯಾಟರನ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಕ್ಯಾಚರ್ ಆಗ ತೊಡೆಗಳ ನಡುವೆ ಬೆರಳುಗಳಿಂದ ಸೂಚಿಸುತ್ತಿದ್ದ: ಒಂದು ಬೆರಳಾದರೆ ವೇಗದ ಚೆಂಡು, ಎರಡಾದರೆ ತಿರುವಿನ ಚೆಂಡು, ಹೀಗೆ. ಅದನ್ನು ಪಿಚರ್ ಮಾತ್ರ ನೋಡಬೇಕಿತ್ತು. ಮುಂದಿನ ಚೆಂಡು ಲೆಗ್‌ಬ್ರೇಕೋ ಗೂಗ್ಲಿಯೋ ಎಂದು ಯಾರಾದರೂ ಬ್ಯಾಟ್ಸ್‌ಮನ್ನನಿಗೆ ಮೊದಲೇ ಹೇಳಿಬಿಟ್ಟರೆ ಏನಾದೀತು, ಹಾಗೆ ಇದು. ಪೋಲೋ ಗ್ರೌಂಡ್ಸ್‌ನ ಆಟಗಾರರ ಕೊಠಡಿ ಮೈದಾನದ ನೇರ ಮಧ್ಯದಲ್ಲಿ, ಕ್ಯಾಚರನ ಎದುರಿಗೆ, ಸುಮಾರು 480 ಅಡಿ ದೂರದಲ್ಲಿತ್ತು. ಜುಲೈ ಮೂರನೆಯ ವಾರದಿಂದ ಅದರ ಕಿಟಕಿಯ ಹಿಂದೆ ತಂಡದವನೊಬ್ಬ ದೂರದರ್ಶಕ ಹಿಡಿದು ಕುಳಿತ. ತಂಡದ ಮ್ಯಾನೇಜರ್ ಲಿಯೋ ಡ್ಯುರೋಷರ್‌ಗೆ ಇದೆಲ್ಲ ಗೊತ್ತಿದ್ದೇ ನಡೆದದ್ದು. ಮೈದಾನದ ವಿದ್ಯುತ್ ಕೆಲಸಗಾರನೊಬ್ಬ ಅಲ್ಲಿಂದ ತಂತಿ ಎಳೆದು ಗಂಟೆ ಕೂಡಿಸಿದ್ದ. ಗುಂಡಿ ಒಂದು ಸಲ ಒತ್ತಿದರೆ ಒಂದು ಬಗೆಯ ಚೆಂಡು, ಎರಡು ಸಲ ಒತ್ತಿದರೆ ಇನ್ನೊಂದು. ಕೇಳಿಸಿಕೊಂಡವನು ಕೈಸನ್ನೆಯಿಂದ ಬ್ಯಾಟರನಿಗೆ ತಿಳಿಸುತ್ತಿದ್ದ. ವಿಚಿತ್ರವೆಂದರೆ ಇದನ್ನು ಸ್ಪಷ್ಟವಾಗಿ ನಿಷೇಧಿಸುವ ಲಿಖಿತ ನಿಯಮ ಆಗ ಇರಲಿಲ್ಲ; ಅದು ಬಂದದ್ದು ಆಮೇಲೆ. ಆದರೆ ಬಚ್ಚಿಟ್ಟುಕೊಂಡು ಮಾಡುವ ಕೆಲಸ ಎಂಥದೆಂದು ಮಾಡುವವನಿಗೆ ನಿಯಮಪುಸ್ತಕ ಹೇಳಬೇಕಾಗಿಲ್ಲ.

ವಿಷಯ ತಿಳಿದ ಬ್ರಾಂಕಾ ಏನು ಮಾಡಿದ? ಏನೂ ಮಾಡಲಿಲ್ಲ. ಸೋತವನು ಅಳುತ್ತಿದ್ದಾನೆ ಎಂದು ಜನ ಅನ್ನುವುದು ಅವನಿಗೆ ಬೇಕಿರಲಿಲ್ಲ. ಆಟದ ಅತ್ಯಂತ ಪ್ರಸಿದ್ಧ ಕ್ಷಣವನ್ನು ಕೆಡಿಸುವುದೂ ಬೇಕಿರಲಿಲ್ಲ. ಗುಸುಗುಸು ನಡುನಡುವೆ ಎದ್ದು ತಣ್ಣಗಾಗುತ್ತಿತ್ತು. ಅವನು ವಿಮಾ ವ್ಯವಹಾರ ಮಾಡಿಕೊಂಡಿದ್ದ. ಥಾಮ್ಸನ್ ಮತ್ತು ಅವನು ಸಭೆ ಸಮಾರಂಭಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡರು. ಒಂದೇ ಚಿತ್ರದ ಮೇಲೆ ಇಬ್ಬರೂ ಹಸ್ತಾಕ್ಷರ ಹಾಕುತ್ತಿದ್ದರು. ಗೆದ್ದವನ ಹೆಸರಿನ ಪಕ್ಕದಲ್ಲಿ ಸೋತವನ ಹೆಸರು, ವರ್ಷಗಟ್ಟಲೆ. ಒಬ್ಬನಿಗೆ ತಾನು ಏನು ಮಾಡಿದೆನೆಂದು ಗೊತ್ತು, ಇನ್ನೊಬ್ಬನಿಗೂ ಗೊತ್ತು.

2001ರ ಜನವರಿ 31ರಂದು ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಜೋಶುವಾ ಪ್ರೇಗರ್ ಎಂಬ ಪತ್ರಕರ್ತ ಇಡೀ ವ್ಯವಸ್ಥೆಯನ್ನು ಬಯಲಿಗೆಳೆದ. ಬದುಕಿ ಉಳಿದಿದ್ದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದ್ದ, ಹಲವರು ಒಪ್ಪಿಕೊಂಡಿದ್ದರು. ಥಾಮ್ಸನ್ ಗುರುತುಗಳನ್ನು ಪಡೆಯುತ್ತಿದ್ದುದನ್ನು ಒಪ್ಪಿಕೊಂಡ. ಆ ಒಂದು ಚೆಂಡಿಗೆ ಮಾತ್ರ ಪಡೆದಿರಲಿಲ್ಲ ಎಂದ. ಬ್ರಾಂಕಾ ಅದನ್ನು ಪೂರ್ತಿ ನಂಬಲಿಲ್ಲ. ಆದರೆ ಅವನು ಸೇರಿಸಿದ ಮಾತು ಗಮನಿಸತಕ್ಕದ್ದು: ಯಾವ ಚೆಂಡೆಂದು ತಿಳಿದಿದ್ದರೂ ಅದನ್ನು ಹೊಡೆಯಬೇಕಾದವನು ಥಾಮ್ಸನ್ನೇ ಎಂದು.

*

ಹಾಗಾದರೆ ಜೈಂಟ್ಸ್ ಗೆಲುವು ಕಳ್ಳತನವೇ? ಹೌದೆನ್ನಲು ಮನಸ್ಸು ಆತುರಪಡುತ್ತದೆ. ಆದರೆ ಕಡತ ಪೂರ್ತಿ ಓದಬೇಕು. ದೂರದರ್ಶಕ ಪೋಲೋ ಗ್ರೌಂಡ್ಸ್ ಬಿಟ್ಟು ಬಾಸ್ಟನ್ನಿಗೆ ಹೋಗಿರಲಿಲ್ಲ. ಕೊನೆಯ ದಿನದ ಗೆಲುವು ಅಲ್ಲಿ ಬಂದದ್ದು. ನಿರ್ಣಾಯಕ ಸರಣಿಯ ಮೊದಲ ಗೆಲುವು ಎದುರಾಳಿಯ ಮೈದಾನದಲ್ಲಿ. ಎರಡನೆಯ ಪಂದ್ಯ ದೂರದರ್ಶಕದ ಕಣ್ಣೆದುರಿಗೇ ನಡೆಯಿತು. ಅಲ್ಲಿ ಜೈಂಟ್ಸ್ ಒಂದು ಓಟವನ್ನೂ ಗಳಿಸಲಿಲ್ಲ. ಇನ್ನೊಂದು ಕಡೆ, 157 ಪಂದ್ಯಗಳ ನಂತರ ಒಂದೇ ಹೊಡೆತದ ವ್ಯತ್ಯಾಸದಲ್ಲಿ ತೀರ್ಮಾನವಾದ ಪೈಪೋಟಿಯಲ್ಲಿ, ಕದ್ದ ಗುರುತಿನಿಂದ ಒಂದೇ ಒಂದು ಪಂದ್ಯ ಗೆದ್ದಿದ್ದರೂ ಧ್ವಜ ಬ್ರೂಕ್ಲಿನ್ನಿನದಾಗಬೇಕಿತ್ತು. ಯಾವ ಪಂದ್ಯ ಎಂದು ಯಾರೂ ತೋರಿಸಲಾರರು. ಮೋಸದ ನಿಜವಾದ ಹಾನಿ ಇದೇ ಇರಬೇಕು. ಅದು ಫಲಿತಾಂಶವನ್ನು ಬದಲಿಸಿತೋ ಇಲ್ಲವೋ, ಪ್ರಾಮಾಣಿಕವಾಗಿ ಗೆದ್ದ ಪಂದ್ಯಗಳನ್ನೂ ಅನುಮಾನಕ್ಕೆ ಒಪ್ಪಿಸುತ್ತದೆ. ಆ ಮೂವತ್ತೇಳು ಗೆಲುವುಗಳಿಗಾಗಿ ದುಡಿದವರಲ್ಲಿ ಎಷ್ಟೋ ಜನ ಬ್ಯಾಟರುಗಳಲ್ಲ, ಪಿಚರುಗಳು. ಗಂಟೆಯಿಂದ ಅವರಿಗೆ ಯಾವ ಉಪಕಾರವೂ ಆಗಿರಲಿಲ್ಲ.

ತಂಡವನ್ನು ಹಿಂಬಾಲಿಸಿದವರ ಮಾತೇನು? ಜೈಂಟ್ಸ್ ಅಭಿಮಾನಿ ಆಗಸ್ಟ್ 12ರಿಂದ ದಿನದಿನವೂ ಆ ಅಂಕಿ ಇಳಿಯುವುದನ್ನು ನೋಡಿ ಪಟ್ಟ ಸಂತೋಷ ಸುಳ್ಳಲ್ಲ. ಅವನು ಯಾವ ದೂರದರ್ಶಕವನ್ನೂ ಹಿಡಿದಿರಲಿಲ್ಲ. ಬ್ರೂಕ್ಲಿನ್ ಅಭಿಮಾನಿಯ ವಿಷಯ ಬೇರೆ. ಅವನು ಐವತ್ತು ವರ್ಷ ಸಿಟ್ಟು ಮಾಡಿಕೊಂಡದ್ದು ತಪ್ಪು ಮನುಷ್ಯನ ಮೇಲೆ. ಸತ್ಯ ತಡವಾಗಿ ಬಂದಾಗ ಅದು ಗೆದ್ದವರಿಂದ ಧ್ವಜವನ್ನು ಕಿತ್ತುಕೊಳ್ಳಲಾರದು, ಸೋತವರಿಗೆ ಅಕ್ಟೋಬರ್ 3ನ್ನು ಮರಳಿ ಕೊಡಲಾರದು. ಒಬ್ಬ ಮನುಷ್ಯನ ತಲೆಯ ಮೇಲಿದ್ದ ಹೊರೆಯನ್ನು ಇಳಿಸಬಲ್ಲದು, ಅವನು ಬದುಕಿದ್ದರೆ. ಬ್ರಾಂಕಾ ಬದುಕಿದ್ದ. ಆಗ ಅವನಿಗೆ ಎಪ್ಪತ್ತೈದು. 2011ರಲ್ಲಿ ತನ್ನ ನೆನಪುಗಳನ್ನು ಪುಸ್ತಕವಾಗಿ ತಂದ, 2016ರಲ್ಲಿ ತೀರಿಕೊಂಡ. ಥಾಮ್ಸನ್ 2010ರಲ್ಲೇ ಹೋಗಿದ್ದ.

ಇತಿಹಾಸ ಬರೆಯುವವರಿಂದ ನಾವು ಸಾಮಾನ್ಯವಾಗಿ ರಾಜ್ಯಗಳ ಏಳುಬೀಳುಗಳನ್ನು ನಿರೀಕ್ಷಿಸುತ್ತೇವೆ. ಅದೇ ಅಕ್ಟೋಬರ್ 3ರಂದು ಸೋವಿಯತ್ ದೇಶ ಇನ್ನೊಂದು ಅಣುಬಾಂಬ್ ಸಿಡಿಸಿದ ಸುದ್ದಿಯನ್ನು ಅಮೆರಿಕ ಪ್ರಕಟಿಸಿತು. ಮರುದಿನ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಎರಡು ಸುದ್ದಿಗಳೂ ಇದ್ದವು. ಬಾಂಬಿನ ಬಗ್ಗೆ ಸಾವಿರಾರು ಪುಸ್ತಕಗಳು ಬಂದಿವೆ. ಚೆಂಡಿನ ಬಗ್ಗೆ ಒಬ್ಬ ಪತ್ರಕರ್ತ ವರ್ಷಗಟ್ಟಲೆ ತಲೆಕೆಡಿಸಿಕೊಂಡದ್ದು ಅತಿಯೆಂದು ಒಮ್ಮೆ ನನಗೂ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಆ ಎರಡು ತಂಡಗಳೂ ಊರು ಬಿಟ್ಟವು. ಬ್ರೂಕ್ಲಿನ್ 1955ರಲ್ಲಿ ಕೊನೆಗೂ ವರ್ಲ್ಡ್ ಸೀರೀಸ್ ಗೆದ್ದಿತು. ಎರಡೇ ವರ್ಷಗಳಲ್ಲಿ, 1957ರ ಋತು ಮುಗಿದ ಮೇಲೆ, ಮಾಲೀಕರು ಡಾಡ್ಜರ್ಸನ್ನು ಲಾಸ್ ಏಂಜಲೀಸ್‌ಗೂ ಜೈಂಟ್ಸನ್ನು ಸ್ಯಾನ್ ಫ್ರಾನ್ಸಿಸ್ಕೋಗೂ ಕೊಂಡೊಯ್ದರು. ನಾವು ತಂಡವನ್ನು ಊರಿನಲ್ಲಿ ಬಿಟ್ಟು ಬಂದವರು. ಅವರನ್ನು ತಂಡವೇ ಊರಿನಲ್ಲಿ ಬಿಟ್ಟು ಹೋಯಿತು. ಎಬೆಟ್ಸ್ ಫೀಲ್ಡನ್ನು 1960ರಲ್ಲಿ, ಪೋಲೋ ಗ್ರೌಂಡ್ಸನ್ನು 1964ರಲ್ಲಿ ಕೆಡವಿದರು. ಎರಡೂ ಕಡೆ ಈಗ ಎತ್ತರದ ವಸತಿ ಕಟ್ಟಡಗಳಿವೆ. ಪೋಲೋ ಗ್ರೌಂಡ್ಸ್ ಇದ್ದ ಕಡೆ ಒಂದು ಮಾತ್ರ ಉಳಿದಿದೆ: ಪಕ್ಕದ ದಿಬ್ಬದಿಂದ ಪ್ರೇಕ್ಷಕರು ಮೈದಾನದ ಕಡೆಗೆ ಇಳಿದುಬರಲು ಕಟ್ಟಿದ್ದ ಉದ್ದನೆಯ ಮೆಟ್ಟಿಲುಸಾಲು. ಅದನ್ನು ದುರಸ್ತಿ ಮಾಡಿಸಿದ್ದಾರೆ. ಇಳಿದು ಹೋದರೆ ಮೈದಾನವಿಲ್ಲ. ಆದರೂ ಮೆಟ್ಟಿಲುಗಳನ್ನು ಗಟ್ಟಿ ಮಾಡಿಸಿ ಇಟ್ಟುಕೊಂಡಿದ್ದಾರೆ.